ಅಕ್ಕನಿಗೆ ಸ್ಟೆಮ್ ಸೆಲ್ ಒಳ್ಳೆಯದಾ, ಬೋನ್ ಮ್ಯಾರೋ ಒಳ್ಳೆಯದಾ?

ಮೂಡಿಗೆರೆಯ ಓದುಗರೊಬ್ಬರ ಪ್ರಶ್ನೆ: "ಅಕ್ಕನಿಗೆ ಸ್ಕ್ಲೆರೋಡರ್ಮಾ. ಚರ್ಮ ಬಿಗಿದುಕೊಂಡಿದೆ, ಈಗ ಶ್ವಾಸಕೋಶಕ್ಕೂ ಇಳಿದಿದೆಯಂತೆ. ಒಬ್ಬರು ಬೋನ್ ಮ್ಯಾರೋ ಕಸಿ ಮಾಡಿಸಿ ಅಂತಾರೆ. ಇನ್ನೊಬ್ಬರು ಸ್ಟೆಮ್ ಸೆಲ್ ಸುಲಭ ಅಂತಾರೆ. ಯಾವುದು ಒಳ್ಳೆಯದು ಮೇಡಂ?"

ಇವು ಎರಡು ಬೇರೆ ಚಿಕಿತ್ಸೆಗಳಲ್ಲ. ರಕ್ತಕಣಗಳನ್ನೆಲ್ಲ ಹುಟ್ಟಿಸುವ ತಾಯಿಕಣಗಳೇ ಇಲ್ಲಿ ಹೇಳುವ ಸ್ಟೆಮ್ ಸೆಲ್. ಅವುಗಳ ಮನೆ ಮೂಳೆಯೊಳಗಿನ ಮಜ್ಜೆ, ಅಂದರೆ ಬೋನ್ ಮ್ಯಾರೋ. ಮೊದಲೆಲ್ಲ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದಲೇ ತೆಗೆಯುತ್ತಿದ್ದರು. ಈಗ ಹೆಚ್ಚಾಗಿ ನಾಲ್ಕೈದು ದಿನ ಇಂಜೆಕ್ಷನ್ ಕೊಟ್ಟು, ಆ ಕಣಗಳು ರಕ್ತಕ್ಕೆ ಬಂದ ಮೇಲೆ ಯಂತ್ರದಲ್ಲಿ ಬೇರ್ಪಡಿಸಿ ತೆಗೆಯುತ್ತಾರೆ. ತೆಗೆಯುವ ದಾರಿ ಬೇರೆ, ಅಷ್ಟೆ.

ನೀವು ಕೇಳಬೇಕಾದ್ದು, ಕಣ ಯಾರದ್ದು ಅಂತ. ಬೇರೆಯವರ ಕಣ ಹಾಕಿದರೆ ಅವು ರೋಗಿಯ ದೇಹವನ್ನೇ ಪರಕೀಯ ಅಂದುಕೊಂಡು ದಾಳಿ ಮಾಡಬಹುದು. ಹಾಗಾಗಿ ಸ್ಕ್ಲೆರೋಡರ್ಮಾದಂಥ, ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆಗಳಲ್ಲಿ ಸಾಮಾನ್ಯವಾಗಿ ರೋಗಿಯದ್ದೇ ಕಣ ಬಳಸುತ್ತಾರೆ.

"ಅವಳದ್ದೇ ಕಣ ವಾಪಸ್ ಹಾಕಿದರೆ ವಾಸಿ ಹೇಗಾಗುತ್ತೆ?" ಅಂತ ನಿಮಗೆ ಅನಿಸಬಹುದು. ನಮ್ಮ ಕಡೆ ರೋಗ ಹತ್ತಿದ ಕಾಫಿ ಪಟ್ಟೆಯನ್ನು ಪೂರ್ತಿ ಕಿತ್ತು, ನರ್ಸರಿಯಲ್ಲಿ ಎತ್ತಿಟ್ಟ ಸಸಿ ನೆಡುತ್ತೀವಲ್ವಾ? ಹಾಗೇ ಇದು. ಅಕ್ಕನ ದೇಹ ಕಾಯಬೇಕಾದ ಬಿಳಿ ಕಣಗಳೇ ಅವಳ ಮೇಲೆ ತಿರುಗಿ ಬಿದ್ದಿವೆ. ಸೈಕ್ಲೋಫಾಸ್ಫಮೈಡ್‌ನಂಥ ಜೋರು ಕೀಮೋ ಔಷಧಿ ಅವುಗಳನ್ನು ಅಳಿಸುತ್ತದೆ. ಮದ್ದು ಅಂದರೆ ಅದೇ. ಆಮೇಲೆ ಡ್ರಿಪ್‌ನಲ್ಲಿ ಹೋಗುವ ಸ್ಟೆಮ್ ಸೆಲ್ ಖಾಲಿಯಾದ ನೆಲ ಬೇಗ ತುಂಬಲಿ ಅಂತ ಇಡುವ ಸಸಿ. ಅವು ಬೇರು ಬಿಡಲು ಸುಮಾರು ಎರಡು ವಾರ ಬೇಕು. ಅಷ್ಟು ದಿನ ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು. ಆದ್ದರಿಂದ ಸುಲಭ ಅಂದವರ ಮಾತು ನಂಬಬೇಡಿ.

ಫಲ ಇಲ್ಲವೆಂದಲ್ಲ. 2014ರಲ್ಲಿ ಪ್ರಕಟವಾದ ಯುರೋಪಿನ ಆಸ್ಟಿಸ್ ಅಧ್ಯಯನದಲ್ಲಿ 156 ಸ್ಕ್ಲೆರೋಡರ್ಮಾ ರೋಗಿಗಳಿದ್ದರು. ಕಸಿಯ ಗುಂಪಿನ 79 ಜನರಲ್ಲಿ 8 ಮಂದಿ ಮೊದಲ ವರ್ಷದಲ್ಲೇ ಚಿಕಿತ್ಸೆಯಿಂದಾಗಿ ತೀರಿಕೊಂಡರು. ಆದರೆ ವರ್ಷಗಳು ಕಳೆದಂತೆ, ಬರೀ ಔಷಧಿ ಪಡೆದವರಿಗಿಂತ ಕಸಿ ಆದವರೇ ಜಾಸ್ತಿ ಬದುಕುಳಿದರು. ಈ ಎರಡೂ ಮಾತನ್ನು ಒಟ್ಟಿಗೇ ಕೇಳಿಸಿಕೊಳ್ಳಿ. ಕಾಯಿಲೆ ಜೋರಾಗಿ ಏರುತ್ತಿದ್ದು, ಹೃದಯ ಮತ್ತು ಶ್ವಾಸಕೋಶ ಇನ್ನೂ ತಡೆದುಕೊಳ್ಳುವ ಸ್ಥಿತಿಯಲ್ಲಿರುವಾಗ ಮಾತ್ರ ಇದನ್ನು ಯೋಚಿಸುತ್ತಾರೆ. ಮಿದುಳು, ನರಗಳ ಮೇಲೆ ಇದೇ ರೀತಿ ದಾಳಿಯಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲೂ ಆರಿಸಿದ ಕೆಲವರಿಗೆ ಮಾಡುತ್ತಾರೆ. ಕೀಲುವಾತಕ್ಕೆ ಒಳ್ಳೆಯ ಔಷಧಿಗಳೇ ಇವೆ, ಕಸಿಯ ಮಾತು ಬರುವುದೇ ಅಪರೂಪ.

ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಕೀಮೋ ಇಲ್ಲ, ಅಡ್ಮಿಟ್ ಆಗೋದೂ ಬೇಡ, ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆದು ಚುಚ್ಚುತ್ತೀವಿ ಅಂತ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಅದು ಈ ಕಸಿ ಅಲ್ಲವೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಅಂಥದ್ದನ್ನು ಅನುಮತಿ ಪಡೆದ ಟ್ರಯಲ್‌ನಲ್ಲಿ ಮಾತ್ರ ಮಾಡಬಹುದು. ಅಕ್ಕನ ಚಿಕಿತ್ಸೆಗೆಂದು ತೋಟ ಅಡವಿಡುವ ಮೊದಲು ದಯವಿಟ್ಟು ಇದನ್ನು ನೆನಪಿಡಿ.

ಬೆಂಗಳೂರಿಗೆ ಹೋದಾಗ ರುಮಟಾಲಜಿಸ್ಟ್ (ಕೀಲುವಾತ, ಸ್ಕ್ಲೆರೋಡರ್ಮಾದಂಥ ಕಾಯಿಲೆ ನೋಡುವ ತಜ್ಞರು) ಮತ್ತು ಕಸಿ ಮಾಡುವ ಡಾಕ್ಟರ್ ಇಬ್ಬರನ್ನೂ ನೋಡಿ. ಹೃದಯದ ಎಕೋ, ಶ್ವಾಸಕೋಶದ ಪರೀಕ್ಷೆಯ ಹಳೆಯ ರಿಪೋರ್ಟ್‌ಗಳನ್ನೆಲ್ಲ ಜೊತೆಗೆ ಒಯ್ಯಿರಿ. ಅಕ್ಕನಿಗೆ ಮುಂದೆ ಮಕ್ಕಳಾಗುವ ಆಸೆ ಇದ್ದರೆ ಕೀಮೋಗೆ ಮೊದಲೇ ಬಾಯಿಬಿಟ್ಟು ಹೇಳಲಿ, ಯಾಕೆಂದರೆ ಆ ಔಷಧಿ ಅಂಡಾಶಯಕ್ಕೆ ಪೆಟ್ಟು ಕೊಡುತ್ತದೆ.