ಪಾಸ್‌ಕೀ ಮಾಡಿಕೊಂಡರೆ ನನ್ನ ಬೆರಳಚ್ಚು ಗೂಗಲ್‌ಗೆ ಹೋಗುತ್ತಾ?

ಪ್ರಶ್ನೆ: ಜಿಮೇಲ್ ತೆರೆದಾಗಲೆಲ್ಲ ಪಾಸ್‌ಕೀ ಮಾಡಿಕೊಳ್ಳಿ ಅಂತ ಕೇಳುತ್ತೆ. ಒಪ್ಪಿಕೊಂಡರೆ ನನ್ನ ಬೆರಳಚ್ಚು ಅವರ ಕೈಗೆ ಸಿಕ್ಕ ಹಾಗಲ್ವಾ ಸರ್? ಪಾಸ್‌ವರ್ಡ್ ಆದರೆ ಬದಲಾಯಿಸಬಹುದು. ಬೆರಳು ಬದಲಾಯಿಸೋಕಾಗುತ್ತಾ?

ಉತ್ತರ: ಸಿಗುವುದಿಲ್ಲ. ಪಾಸ್‌ಕೀ ಅಂದರೆ ಪಾಸ್‌ವರ್ಡ್ ಬದಲು ಫೋನಿನ ಲಾಕ್ ತೆರೆದೇ ಲಾಗಿನ್ ಆಗುವ ದಾರಿ. 2023ರ ಮೇನಲ್ಲಿ ಗೂಗಲ್ ಖಾತೆಗಳಿಗೆ ಅದು ಬಂತು. ಅಂದಿನಿಂದ ನಾನು ಇದೇ ಉತ್ತರ ಬರೆಯುತ್ತಿದ್ದೇನೆ. ಆದರೂ ‘ಬೆರಳು ಬದಲಾಯಿಸೋಕಾಗುತ್ತಾ’ ಅನ್ನುವ ಸಾಲು ವಾಟ್ಸಾಪಿನಲ್ಲಿ ಓಡಾಡುತ್ತಲೇ ಇದೆ. ಕೇಳೋಕೆ ಚೆನ್ನಾಗಿದೆಯಲ್ಲ, ಅದಕ್ಕೇ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ಪಾಸ್‌ಕೀಯಿಂದ ಲಾಗಿನ್ ಆಗುವಾಗ ಫೋನ್ ಬೆರಳು ಕೇಳುತ್ತದೆ. ಬೆರಳಿಡಬೇಡಿ. ಅದರ ಬದಲು ಫೋನ್ ಲಾಕಿನ ಪಿನ್ ಹಾಕಿ. ಲಾಗಿನ್ ಆಗುತ್ತದೆ! ಗೂಗಲ್ ನಿಮ್ಮ ಬೆರಳಚ್ಚು ಇಟ್ಟುಕೊಂಡು ತಾಳೆ ನೋಡುತ್ತಿದ್ದರೆ ಬೆರಳೇ ಇಡದವರನ್ನು ಹೇಗೆ ಒಳಗೆ ಬಿಟ್ಟಿತು?

ನಡೆಯುವುದು ಇಷ್ಟು. ಪಾಸ್‌ಕೀ ಮಾಡುವಾಗ ನಿಮ್ಮ ಫೋನ್ ಎರಡು ಕೀಗಳ ಜೋಡಿಯೊಂದನ್ನು ತಯಾರಿಸುತ್ತದೆ. ಗುಟ್ಟಿನ ಕೀ ನಿಮ್ಮ ಹತ್ತಿರ ಉಳಿಯುತ್ತದೆ, ಬಹಿರಂಗ ಕೀ ಗೂಗಲ್ ಸರ್ವರ್‌ಗೆ ಹೋಗುತ್ತದೆ. ಲಾಗಿನ್ ಆಗುವಾಗ ಸರ್ವರ್ ಪ್ರತಿ ಸಲ ಹೊಸದೊಂದು ಸಂಖ್ಯೆ ಕಳಿಸುತ್ತದೆ. ಫೋನ್ ಗುಟ್ಟಿನ ಕೀಯಿಂದ ಅದಕ್ಕೆ ಸಹಿ ಹಾಕಿ ವಾಪಸ್ ಕಳಿಸುತ್ತದೆ. ಆ ಸಹಿ ಸರಿಯಿದೆಯಾ ಅಂತ ನೋಡಲು ಬಹಿರಂಗ ಕೀ ಸಾಕು. ಬೆರಳಿನ ಕೆಲಸ ಫೋನಿನ ಒಳಗೇ ಮುಗಿಯುತ್ತದೆ. ‘ಸಹಿ ಹಾಕಲಾ?’ ಅಂತ ಫೋನ್ ಕೇಳುತ್ತದೆ, ನಿಮ್ಮ ಬೆರಳು ಹೂಂ ಅನ್ನುತ್ತದೆ. ಅಚ್ಚಿನ ವಿವರ ಫೋನಿನ ಬೇರೆಯೇ ಭದ್ರ ಭಾಗದಲ್ಲಿ ಕೂತಿರುತ್ತದೆ. ಆಪ್‌ಗಳಿಗೂ ಅದು ಕಾಣುವುದಿಲ್ಲ. ಅವುಗಳಿಗೆ ಗೊತ್ತಾಗುವುದು ಹೌದಾ ಅಲ್ವಾ ಅನ್ನುವುದು ಮಾತ್ರ.

ಈ ಭಯ ಎಲ್ಲಿಂದ ಬಂತು ಅನ್ನುವುದು ನನಗೂ ಗೊತ್ತು: ಆಧಾರ್. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಟ್ಟಾಗ ಅದರ ವಿವರ ನಿಜಕ್ಕೂ ಆಧಾರ್ ಸರ್ವರ್‌ಗೆ ಹೋಗಿ ಅಲ್ಲಿ ತಾಳೆಯಾಗುತ್ತದೆ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಎತ್ತಿ, ಆಧಾರ್ ನಂಬರ್ ಮತ್ತು ಬೆರಳಚ್ಚಿನಿಂದಲೇ ಬ್ಯಾಂಕ್ ಹಣ ತೆಗೆಯಬಹುದಾದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಿಂದ ಜನರ ಹಣ ತೆಗೆದ ಪ್ರಕರಣಗಳು ಬಂದವು. ಅಲ್ಲಿ ಹೆದರಬೇಕಾದದ್ದೇ. ಆಧಾರ್ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ (ನಿಮ್ಮ ಬೆರಳಚ್ಚನ್ನು ಬಳಸಲಾಗದಂತೆ ಹಾಕುವ ಬೀಗ) ಮಾಡದವರು ಇವತ್ತೇ ಮಾಡಿಕೊಳ್ಳಿ. ಆದರೆ ಆ ಭಯವನ್ನು ತಂದು ಪಾಸ್‌ಕೀ ಮೇಲೆ ಹೊರಿಸಬೇಡಿ. ನಿಮ್ಮ ಬೆರಳಿನ ರಬ್ಬರ್ ಅಚ್ಚು ಮಾಡಿಕೊಂಡು ಕಳ್ಳ ಬಿಹಾರದಲ್ಲಿ ಕೂತರೂ ನಿಮ್ಮ ಜಿಮೇಲ್ ತೆರೆಯಲಾಗದು. ಅದಕ್ಕೆ ನಿಮ್ಮ ಫೋನೂ ಅವನ ಕೈಯಲ್ಲಿರಬೇಕು.

ಪಾಸ್‌ಕೀಯ ನಿಜವಾದ ಲಾಭ ಬೇರೆ. ನಕಲಿ ಲಾಗಿನ್ ಪುಟದಲ್ಲಿ ನೀವು ಪಾಸ್‌ವರ್ಡ್ ಹಾಕುತ್ತೀರಿ, ಒಟಿಪಿಯನ್ನೂ ಹಾಕುತ್ತೀರಿ. ಕಳ್ಳ ಅದೇ ಕ್ಷಣ ಎರಡನ್ನೂ ಅಸಲಿ ಪುಟಕ್ಕೆ ತುಂಬುತ್ತಾನೆ. ಪಾಸ್‌ಕೀ ಹಾಗಲ್ಲ, ಅದು ಹುಟ್ಟಿದ ವೆಬ್ ವಿಳಾಸಕ್ಕೆ ಮಾತ್ರ ಸಹಿ ಹಾಕುತ್ತದೆ. ನಿಮ್ಮ ಕಣ್ಣು ಮೋಸ ಹೋದರೂ ಫೋನ್ ಮೋಸ ಹೋಗದು. ಇನ್ನು ಫೋನ್ ಕಳೆದುಹೋದರೆ? ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಪಾಸ್‌ಕೀಗಳನ್ನು ಗೂಢಲಿಪಿಯಲ್ಲಿ ಬ್ಯಾಕಪ್ ಮಾಡುವ ಏರ್ಪಾಡಿದೆ, ಹೊಸ ಫೋನಿಗೆ ತಂದುಕೊಳ್ಳಬಹುದು.

ನೀವ್ಯಾರೂ ಕೇಳದ ಪ್ರಶ್ನೆಯೊಂದಿದೆ. ಪಾಸ್‌ಕೀ ಮಾಡಿಕೊಂಡ ಮೇಲೆ ಹಳೆಯ ದಾರಿಗಳು ಏನಾಗುತ್ತವೆ? ಏನೂ ಆಗುವುದಿಲ್ಲ, ತೆರೆದೇ ಇರುತ್ತವೆ! ಪಾಸ್‌ವರ್ಡ್ ಇರುತ್ತದೆ, ಖಾತೆಗೆ ಹೋಗಲಾಗದಿದ್ದಾಗ ಎಸ್ಸೆಮ್ಮೆಸ್‌ನಲ್ಲಿ ಕೋಡ್ ಪಡೆಯಲು ಕೊಟ್ಟ ರಿಕವರಿ ಮೊಬೈಲ್ ನಂಬರೂ ಇರುತ್ತದೆ. ಆ ನಂಬರ್ ಈಗ ಯಾರದು? ನಮ್ಮಲ್ಲಿ ಸ್ಥಗಿತವಾದ ನಂಬರನ್ನು 90 ದಿನ ಯಾರಿಗೂ ಕೊಡುವಂತಿಲ್ಲ. ಆಮೇಲೆ ಕೊಡಬಹುದು. ದುಬೈಗೋ ಅಮೆರಿಕಕ್ಕೋ ಹೋದವರು ಊರಿನ ಸಿಮ್‌ಗೆ ರೀಚಾರ್ಜ್ ನಿಲ್ಲಿಸಿದ್ದರೆ, ಅವರ ಖಾತೆಯ ಎಸ್ಸೆಮ್ಮೆಸ್ ಇನ್ನೊಬ್ಬರ ಫೋನಿಗೆ ಹೋಗುತ್ತಿರಬಹುದು. ಅಪ್ಪ ಅಮ್ಮನ ಜಿಮೇಲ್ ತೆರೆದುಕೊಟ್ಟಾಗ ನಿಮ್ಮದೇ ನಂಬರ್ ಹಾಕಿದ್ದಿರಲ್ಲ, ಅದನ್ನೂ ನೋಡಿ. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ರಿಕವರಿ ಫೋನ್ ಅಂತ ಇರುತ್ತದೆ. ಸತ್ತ ನಂಬರ್ ತೆಗೆದು ಈಗ ಬಳಸುವುದನ್ನು ಹಾಕಿ.