ಕಾರು ಕಾರ್ಖಾನೆಯ ತೂಬು

ಕಾರ್ಮಿಕ ಸಂಘದ ಬಲವನ್ನು ತಲೆ ಎಣಿಸಿ ಅಳೆಯುವವರನ್ನು ಕಂಡರೆ ನನಗೆ ಕಿರಿಕಿರಿ. ಮದುವೆ ಮನೆಗೆ ಬನ್ನಿ. ಬಡಿಸುವ ಇಪ್ಪತ್ತು ಹುಡುಗರು ಕೈಕೊಟ್ಟರೆ ನೆಂಟರೇ ಪಂಚೆ ಎತ್ತಿ ಕಟ್ಟಿ ಬಡಿಸುತ್ತಾರೆ. ಅಡುಗೆ ಭಟ್ಟರೊಬ್ಬರು ಮುನಿಸಿಕೊಂಡು ಎದ್ದು ಹೋದರೆ? ಊಟವೇ ಇಲ್ಲ.

ಅಮೆರಿಕದ ಹಳೆಯ ಸಂಘಗಳದ್ದೂ ಈ ಭಟ್ಟರ ಲೆಕ್ಕವೇ. 1886ರಲ್ಲಿ ಹುಟ್ಟಿದ ಅಮೆರಿಕನ್ ಫೆಡರೇಷನ್ ಆಫ್ ಲೇಬರ್ (ಎಎಫ್‌ಎಲ್) ಕಸುಬಿಗೊಂದರಂತೆ ಇದ್ದ ಸಂಘಗಳ ಒಕ್ಕೂಟ. ಬಡಗಿಗಳದ್ದು ಬೇರೆ, ಸಿಗಾರ್ ಸುತ್ತುವವರದ್ದು ಬೇರೆ. ಮೊದಲ ಅಧ್ಯಕ್ಷ ಸ್ಯಾಮ್ಯುಯೆಲ್ ಗಾಂಪರ್ಸ್ ಸಿಗಾರ್ ಸುತ್ತಿಯೇ ಬೆಳೆದವರು. ಆ ಕೆಲಸದಲ್ಲಿ ಸದ್ದಿಲ್ಲ ನೋಡಿ. ಒಬ್ಬನನ್ನು ಪತ್ರಿಕೆ, ಪುಸ್ತಕ ಓದಲು ಕೂರಿಸುತ್ತಿದ್ದರು. ಅವನಿಗೆ ನಷ್ಟವಾಗದಂತೆ ಉಳಿದವರು ತಾವು ಸುತ್ತಿದ್ದರಲ್ಲೇ ಒಂದಷ್ಟು ಕೊಡುತ್ತಿದ್ದರು. ಕೈ ಸಿಗಾರಿನಲ್ಲಿ, ಕಿವಿ ರಾಜಕೀಯದಲ್ಲಿ!

1913ರಲ್ಲಿ ಫೋರ್ಡ್ ಚಲಿಸುವ ಜೋಡಣಾ ಸಾಲನ್ನು ತಂದಿತು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ (ಕಾರಿನ ಅಡಿಗಟ್ಟು) ಜೋಡಣೆ ಕೆಲವೇ ತಿಂಗಳಲ್ಲಿ ಒಂದೂವರೆ ಗಂಟೆಗೆ ಇಳಿಯಿತು. ಭಟ್ಟರ ಕೈಚಳಕ ಚೂರುಚೂರಾಯಿತು. ಒಬ್ಬೊಬ್ಬನಿಗೆ ಒಂದೊಂದು ಬೋಲ್ಟು. ಬೋಲ್ಟು ತಿರುಗಿಸುವವನ ಹತ್ತಿರ ಏನು ಬಲವಿದೆ ಅಂತ ಎಎಫ್‌ಎಲ್‌ನ ಬಹುಪಾಲು ಹಿರಿಯರು ಮೂಗು ಮುರಿದರು.

ಎಡವಿದ್ದು ಇಲ್ಲೇ. ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವ ಸಾಲು ನೋಡಿದ್ದೀರಿ ಅಲ್ವಾ? ನಡುವಿನ ಒಬ್ಬ ಸುಮ್ನೆ ಕೈಕಟ್ಟಿ ನಿಂತರೆ ಅವನ ಹಿಂದೆ ಇಟ್ಟಿಗೆ ರಾಶಿ, ಮುಂದೆ ಖಾಲಿ ಕೈಗಳು. ಅವನಿಗೆ ಯಾವ ವಿದ್ಯೆಯೂ ಬೇಕಿಲ್ಲ. ನಿಂತ ಜಾಗವೇ ಅವನ ಬಲ. ಕೆರೆ ಎಷ್ಟೇ ದೊಡ್ಡದಿರಲಿ, ಗದ್ದೆಗೆ ನೀರು ಹೋಗುವುದು ಪುಟ್ಟ ತೂಬಿನಿಂದ. ತೊಡಕು ಒಂದೇ: ಅವನನ್ನು ಆಚೆ ತಳ್ಳಿ ಇನ್ನೊಬ್ಬನನ್ನು ನಿಲ್ಲಿಸಬಹುದು. ಹಾಗಾಗಿ ಜಾಗ ಬಿಟ್ಟು ಏಳಲೇಬಾರದು.

ಎಎಫ್‌ಎಲ್‌ನ 1935ರ ಅಟ್ಲಾಂಟಿಕ್ ಸಿಟಿ ಅಧಿವೇಶನದಲ್ಲಿ ಗಣಿ ಕಾರ್ಮಿಕರ ನಾಯಕ ಜಾನ್ ಎಲ್. ಲೂಯಿಸ್, ಕಸುಬು ನೋಡದೆ ಕಾರ್ಖಾನೆಗೆಲ್ಲ ಒಂದೇ ಸಂಘ ಬೇಕು ಅಂತ ಹಟ ಹಿಡಿದರು. ಮಾತು ಬೆಳೆದು ಬಡಗಿಗಳ ನಾಯಕ ಹಚಿಸನ್ ಅವರ ಮುಖಕ್ಕೆ ಲೂಯಿಸ್ ಗುದ್ದಿಯೇ ಬಿಟ್ಟರು. ಮುಂದಿನ ತಿಂಗಳೇ, ಕಾರ್ಖಾನೆಗೆಲ್ಲ ಒಂದೇ ಸಂಘ ಕಟ್ಟಲು ಹೊರಟವರ ಗುಂಪು ಸಿಐಒ ಹುಟ್ಟಿತು.

ತೂಬು ಸಿಕ್ಕಿದ್ದು ಮಿಷಿಗನ್‌ನ ಫ್ಲಿಂಟ್‌ನಲ್ಲಿ. ಜನರಲ್ ಮೋಟರ್ಸ್‌ಗೆ ಹತ್ತಾರು ಕಾರ್ಖಾನೆಗಳಿದ್ದರೂ, ಕಾರಿನ ಮೈ ತಗಡು ಒತ್ತುವ ಮುಖ್ಯ ಅಚ್ಚುಗಳು ಇದ್ದದ್ದು ಎರಡೇ ಕಡೆ. ಅದರಲ್ಲೊಂದು ಫ್ಲಿಂಟ್‌ನ ಫಿಷರ್ ಬಾಡಿ ಒಂದನೇ ಕಾರ್ಖಾನೆ. 1936ರ ಡಿಸೆಂಬರ್ 30ರಂದು ಕೆಲಸಗಾರರು ಕೆಲಸ ನಿಲ್ಲಿಸಿ, ಜಾಗ ಬಿಡದೆ ಅಲ್ಲೇ ಕೂತರು. ಜನವರಿಯಲ್ಲಿ ಫ್ಲಿಂಟ್‌ನಲ್ಲೇ ಇದ್ದ ಫಿಷರ್ ಬಾಡಿ ಎರಡನೇ ಕಾರ್ಖಾನೆಗೆ ಪೊಲೀಸರು ಅಶ್ರುವಾಯು ಹಿಡಿದು ನುಗ್ಗಿದಾಗ ಒಳಗಿನವರು ಕಾರಿನ ಬಾಗಿಲಿನ ಹಿಂಜು ಎಸೆದರು, ಬೆಂಕಿ ಆರಿಸುವ ಪೈಪಿನಿಂದ ನೀರು ಹೊಡೆದರು, ಅದೂ ಮೈ ಕೊರೆಯುವ ಚಳಿಯಲ್ಲಿ!

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಫೆಬ್ರವರಿ 1ರ ಆಟ. ಜನರಲ್ ಮೋಟರ್ಸ್‌ನದ್ದೇ ಆದ ಷೆವ್ರೊಲೆಯ ಒಂಬತ್ತನೇ ಕಾರ್ಖಾನೆಗೆ ನುಗ್ಗುತ್ತೇವೆ ಅಂತ ಕಂಪನಿಯ ಗೂಢಚಾರರ ಕಿವಿಗೆ ಬೇಕಂತಲೇ ಹಾಕಿದರು. ಕಾವಲುಗಾರರೆಲ್ಲ ಅತ್ತ ಓಡಿದರು. ಇತ್ತ ಷೆವ್ರೊಲೆ ಎಂಜಿನ್ ತಯಾರಾಗುವ ನಾಲ್ಕನೇ ಕಾರ್ಖಾನೆ ಕೈವಶವಾಯಿತು.

ಫೆಬ್ರವರಿ 11ರಂದು, 44ನೇ ದಿನ, ಕಂಪನಿ ಸಂಘವನ್ನು ಒಪ್ಪಿಕೊಂಡಿತು. ಮಾರ್ಚ್‌ನಲ್ಲಿ ಉಕ್ಕಿನ ಕಂಪನಿ ಯುಎಸ್ ಸ್ಟೀಲ್ ಮುಷ್ಕರವೇ ಇಲ್ಲದೆ ಸಿಐಒ ಸಂಘದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಎಎಫ್‌ಎಲ್, ಸಿಐಒ ಮತ್ತೆ ಒಂದಾಗಿದ್ದು 1955ರಲ್ಲಿ. ಅಷ್ಟು ಹೊತ್ತಿಗೆ, ಗುದ್ದಿದ ಲೂಯಿಸ್ ಎರಡರಿಂದಲೂ ಹೊರಗಿದ್ದರು.