ಬಿಡೋದಕ್ಕೂ ಶಕ್ತಿ ಬೇಕು

ಮೊಣಕೈ ಮಡಚಿ, ಮೇಲ್ತೋಳನ್ನು ಇನ್ನೊಂದು ಕೈಯಲ್ಲಿ ಮುಟ್ಟಿ ನೋಡಿ. ಸ್ನಾಯು ಉಬ್ಬಿ ಗಟ್ಟಿಯಾಗಿರುತ್ತದೆ. ಒಳಗೆ ಎಳೆಗಳೆಲ್ಲ ರಬ್ಬರಿನ ಹಾಗೆ ಕುಗ್ಗಿವೆ ಅನ್ನಿಸುತ್ತದೆ, ಅಲ್ವಾ? ಅಲ್ಲಿ ಒಂದು ಎಳೆಯೂ ಗಿಡ್ಡ ಆಗಿರುವುದಿಲ್ಲ.

ಸ್ನಾಯುವಿನ ಒಂದೊಂದು ಜೀವಕೋಶವೂ ಉದ್ದನೆಯ ನಾರು. ಅದರ ತುಂಬ ಸಾರ್ಕೋಮಿಯರ್ ಎಂಬ ತುಣುಕುಗಳ ಸಾಲು. ಒಂದು ತುಣುಕಿನ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು, ಅಷ್ಟೇ. ಅದರಲ್ಲಿ ಆ್ಯಕ್ಟಿನ್ ಎಂಬ ಪ್ರೋಟೀನಿನ ತೆಳು ಎಳೆಗಳು, ನಡುನಡುವೆ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನಿನ ದಪ್ಪ ಎಳೆಗಳು. ಇವು ಒಂದರ ಪಕ್ಕ ಒಂದು ಜಾರಿ ಒಳಗೆ ಸರಿದಾಗ ತುಣುಕು ಚಿಕ್ಕದಾಗುತ್ತದೆ, ಎಳೆಗಳ ಉದ್ದ ಹಾಗೇ ಇರುತ್ತದೆ. 1954ರಲ್ಲಿ ಎರಡು ಬೇರೆ ಬೇರೆ ತಂಡಗಳು ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಹೇಳಿದವು. ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ. ಹೆಸರು ನೋಡಿ ಅಣ್ಣತಮ್ಮ ಅಂದುಕೊಳ್ಳಬೇಡಿ, ನೆಂಟರೂ ಅಲ್ಲ.

ಎಳೆಯುವ ಕೆಲಸ ಮಯೋಸಿನ್‌ನದು. ಒಂದೊಂದು ದಪ್ಪ ಎಳೆಗೂ ನೂರಾರು ಪುಟ್ಟ ‘ತಲೆ’ಗಳಿವೆ. ನನಗಂತೂ ಅವು ಕೈಗಳ ಹಾಗೇ ಕಾಣುತ್ತವೆ. ಆ್ಯಕ್ಟಿನ್ ಹಿಡಿಯುತ್ತವೆ, ಜಗ್ಗುತ್ತವೆ, ಬಿಡುತ್ತವೆ, ಮತ್ತೆ ಸ್ವಲ್ಪ ಮುಂದೆ ಹಿಡಿಯುತ್ತವೆ. ಒಂದು ಜಗ್ಗಿಗೆ ಸರಿಯುವುದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು. ಎಲ್ಲ ಕೈಗಳೂ ಒಟ್ಟಿಗೆ ಬಿಡುವುದಿಲ್ಲ. ಬಿಟ್ಟರೆ ಜಗ್ಗಿದ್ದೆಲ್ಲ ವಾಪಸ್ ಜಾರಿಹೋಗುತ್ತದೆ.

ಸುಮ್ನಿರುವ ಸ್ನಾಯುವಿನಲ್ಲಿ, ಕೈ ಹಾಕುವ ಜಾಗಕ್ಕೆ ಟ್ರೋಪೋಮಯೋಸಿನ್ ಎಂಬ ಪ್ರೋಟೀನು ಅಡ್ಡ ಮಲಗಿರುತ್ತದೆ. ನರದಿಂದ ಸಂದೇಶ ಬಂದ ಕೂಡಲೇ ಜೀವಕೋಶದೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಗೆ ನುಗ್ಗುತ್ತದೆ. ಅದು ಟ್ರೋಪೋಮಯೋಸಿನ್ ಜೊತೆಗಿರುವ ಟ್ರೋಪೋನಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡರೆ ಅಡ್ಡ ಮಲಗಿದ್ದದ್ದು ಪಕ್ಕಕ್ಕೆ ಸರಿಯುತ್ತದೆ. ಸಂದೇಶ ನಿಂತಾಗ ಕ್ಯಾಲ್ಸಿಯಂ ಅನ್ನು ಮತ್ತೆ ಚೀಲಕ್ಕೆ ತುಂಬಬೇಕು. ಅದಕ್ಕೆಂದೇ ಪಂಪುಗಳಿವೆ, ಅವು ಜೀವಕೋಶದ ಇಂಧನವಾದ ಎಟಿಪಿ ಎಂಬ ಅಣುವನ್ನು ಸುಟ್ಟು ಕೆಲಸ ಮಾಡುತ್ತವೆ. ಅಂದರೆ ಸಡಿಲವಾಗುವುದೂ ಪುಕ್ಕಟೆಯಲ್ಲ.

ಎಟಿಪಿ ಬೇಕಾಗುವುದು ಜಗ್ಗುವುದಕ್ಕೆ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅದು ಅರ್ಧ ಸತ್ಯ. ಹೊಸ ಎಟಿಪಿ ಬಂದು ಕೂರುವವರೆಗೂ ಮಯೋಸಿನ್ ಹಿಡಿತವನ್ನೇ ಬಿಡುವುದಿಲ್ಲ. ಬಿಟ್ಟ ಮೇಲೆ ಆ ಎಟಿಪಿ ಒಡೆದು, ಮುಂದಿನ ಜಗ್ಗಿಗೆ ತಲೆ ಸಜ್ಜಾಗುತ್ತದೆ.

ಸತ್ತ ಕೆಲವು ಗಂಟೆಗಳಲ್ಲಿ ಹೆಣ ಸೆಟೆದುಕೊಳ್ಳುವುದು ಇದಕ್ಕೇ. ಕ್ಯಾಲ್ಸಿಯಂ ಸೋರುತ್ತದೆ, ಕೈಗಳು ಹಿಡಿಯುತ್ತವೆ, ಬಿಡಿಸುವ ಎಟಿಪಿ ಮುಗಿದಿರುತ್ತದೆ. ಒಂದೆರಡು ದಿನ ಕಳೆದರೆ ಸೆಟೆತ ತಾನಾಗಿ ಇಳಿಯುತ್ತದೆ. ಆಗಲೂ ಹಿಡಿತ ಬಿಟ್ಟದ್ದಲ್ಲ, ಎಳೆಗಳ ಕಟ್ಟೇ ಕೊಳೆತು ಕಳಚಿಕೊಳ್ಳುತ್ತಿರುತ್ತದೆ.